ಊರವರ ವನ, ಬಲ್ಲವರ ಒರೆಗಲ್ಲು

ಅಂಗಡಿಯಲ್ಲಿ ಅಕ್ಕಿಯನ್ನೋ ಬೇಳೆಯನ್ನೋ ಕೊಳ್ಳುವಾಗ ನಾವು ಅಂಗಡಿಕಾರನ ತಕ್ಕಡಿಯನ್ನು ಪರೀಕ್ಷಿಸಿ ನೋಡುವ ಗೋಜಿಗೆ ಹೋಗುವುದಿಲ್ಲ. ಆ ತಕ್ಕಡಿಗೂ ತೂಕದ ಬಟ್ಟುಗಳಿಗೂ ಸರಕಾರದ ಮುದ್ರೆ ಬಿದ್ದಿರುತ್ತದೆ. ಅಧಿಕಾರಿಗಳು ಕಾಲಕಾಲಕ್ಕೆ ಬಂದು ಅವನ್ನು ತಾಳೆ ನೋಡುತ್ತಾರೆ. ಕೊಳ್ಳುವವನಿಗೂ ಮಾರುವವನಿಗೂ ಹಿಂದುಮುಂದಿನ ಪರಿಚಯವಿಲ್ಲದಿದ್ದರೂ ಇಬ್ಬರ ನಡುವೆ ವ್ಯವಹಾರ ಸುಗಮವಾಗಿ ಸಾಗುವುದು ಆ ಮುದ್ರೆಯ ಮೇಲಿನ ವಿಶ್ವಾಸದಿಂದಲೇ. ಅಕ್ಕಿಯಾದರೋ ಕಣ್ಣಿಗೆ ಕಾಣುವ ವಸ್ತು. ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಒಂದು ಪದಾರ್ಥವನ್ನು ದೂರದ ಹಳ್ಳಿಯೊಂದರ ಜನರು ತಮ್ಮ ಕಾಡಿನಲ್ಲಿ ಕೂಡಿಟ್ಟಿರುವರೆಂದೂ, ಅದಕ್ಕೆ ಬೆಲೆ ಕೊಡಬೇಕೆಂದೂ ಕೇಳಿದರೆ, ಅದನ್ನು ತೂಗುವವರು ಯಾರು? ಆ ತೂಕಕ್ಕೆ ಮುದ್ರೆ ಒತ್ತುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಕಳೆದ ಮೂವತ್ತು ವರ್ಷಗಳಲ್ಲಿ ಬೆಳೆದುಬಂದಿರುವ ಒಂದು ವ್ಯವಸ್ಥೆಯನ್ನು ವಿದ್ಯಾರ್ಥಿಮಿತ್ರರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆ ಕಾಣದ ಪದಾರ್ಥ ಯಾವುದೆಂಬುದನ್ನು ತಿಳಿಯೋಣ. ನಮ್ಮ ವಿಜ್ಞಾನದ ಪಾಠಗಳಲ್ಲಿ ಇಂಗಾಲದ ಡೈಆಕ್ಸೈಡು ಎಂದು ಕರೆಯಲ್ಪಡುವ ಇಂಗಾಲಾಮ್ಲ ವಾಯುವೇ ಅದು. ಕಲ್ಲಿದ್ದಲು, ಪೆಟ್ರೋಲು ಮುಂತಾದವನ್ನು ಉರಿಸಿದಾಗಲೂ ಕಾಡನ್ನು ಕಡಿದು ಸುಟ್ಟಾಗಲೂ ಇದು ಹೊರಬಿದ್ದು ಗಾಳಿಯಲ್ಲಿ ಸೇರುತ್ತದೆ. ಯಂತ್ರಯುಗಕ್ಕೆ ಮುಂಚೆ ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೨೮೦ ಭಾಗಗಳಷ್ಟಿದ್ದ ಈ ವಾಯು ಈಗ ೪೨೦ ಭಾಗಗಳನ್ನೂ ಮೀರಿದೆ. ಸೂರ್ಯನ ಶಾಖವು ಭೂಮಿಯಿಂದ ಮರಳಿ ಹೊರಹೋಗದಂತೆ ಇದು ಕಂಬಳಿಯಂತೆ ಹೊದೆದುಕೊಳ್ಳುವುದರಿಂದ ಭೂಮಿಯ ಉಷ್ಣತೆ ಏರುತ್ತಿದೆ. ಮರಗಿಡಗಳಾದರೋ ಇದೇ ವಾಯುವನ್ನು ಹೀರಿ ತಮ್ಮ ಕಾಂಡ, ಕೊಂಬೆ, ಬೇರುಗಳನ್ನಾಗಿ ಮಾರ್ಪಡಿಸಿಕೊಳ್ಳುತ್ತವೆ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವೇ. ಆದುದರಿಂದ ನಿಂತಿರುವ ಕಾಡೆಂದರೆ ಕೂಡಿಟ್ಟ ಇಂಗಾಲದ ಕಣಜವೆಂದು ಹೇಳಬಹುದು.

ಇಲ್ಲಿಂದ ಒಂದು ವಿಚಾರ ಹುಟ್ಟಿತು. ಕಾಡನ್ನು ಕಾಯುವವರು ಬಹುಮಟ್ಟಿಗೆ ಬಡವರು. ಸೌದೆಗಾಗಿ, ಉಳುಮೆಗಾಗಿ, ದನಕರುಗಳ ಮೇವಿಗಾಗಿ ಅವರು ಅದೇ ಕಾಡನ್ನು ಅವಲಂಬಿಸಬೇಕಾಗಿದೆ. ಹೊಗೆಯನ್ನು ಹೆಚ್ಚಾಗಿ ಉಗುಳುವವರು ಅನುಕೂಲಸ್ಥರು. ಈ ಅನುಕೂಲಸ್ಥರು ಕಾಡನ್ನು ಬೆಳೆಸಿದವರಿಗೆ ಹಣ ಕೊಟ್ಟು, ಒಂದು ಟನ್ ಇಂಗಾಲಾಮ್ಲಕ್ಕೆ ಒಂದರಂತೆ ಪ್ರಮಾಣಪತ್ರ ಪಡೆಯುವುದಾದರೆ, ಕಾಡೂ ಉಳಿದೀತು, ಕಾಯುವವನ ಒಲೆಯೂ ಉರಿದೀತು ಎಂಬುದೇ ಆ ವಿಚಾರ. ಮೆಕ್ಸಿಕೋ ದೇಶದ ದಕ್ಷಿಣ ಭಾಗದಲ್ಲಿರುವ ಚಿಯಾಪಸ್ ಪ್ರಾಂತದಲ್ಲಿ ೧೯೯೦ರ ದಶಕದ ಮಧ್ಯಭಾಗದಲ್ಲಿ ಇದರ ಪ್ರಯೋಗ ಆರಂಭವಾಯಿತು. ಅಲ್ಲಿನ ಸಣ್ಣ ರೈತರೂ, ಮೆಕ್ಸಿಕೋದ ಸಂಶೋಧಕರೂ, ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ವಾಂಸರೂ ಕೂಡಿ ಕಟ್ಟಿದ ಆ ಯೋಜನೆಗೆ ‘ಸ್ಕೊಲೆಲ್ ತೆ’ ಎಂದು ಹೆಸರು. ಅಲ್ಲಿನ ತ್ಸೆಲ್ತಾಲ್ ಭಾಷೆಯಲ್ಲಿ ಇದಕ್ಕೆ ‘ಬೆಳೆಯುವ ಮರ’ ಎಂದರ್ಥ. ೧೯೯೭ರಲ್ಲಿ ಮೋಟಾರು ಪಂದ್ಯಗಳ ಅಂತರರಾಷ್ಟ್ರೀಯ ಒಕ್ಕೂಟವು ಅದರ ಮೊದಲ ಗ್ರಾಹಕನಾಯಿತು.

ಆ ಯೋಜನೆಯಲ್ಲಿ ಪ್ರತಿಯೊಬ್ಬ ರೈತನೂ ತನ್ನ ಭೂಮಿಯ ನಕ್ಷೆಯನ್ನು ತನ್ನ ಕೈಯಿಂದಲೇ ಬರೆಯಬೇಕಿತ್ತು. ಎಲ್ಲಿ ಜೋಳ, ಎಲ್ಲಿ ಕಾಫಿ, ಎಲ್ಲಿ ಯಾವ ಜಾತಿಯ ಮರ ಎಂಬುದನ್ನು ಅದರಲ್ಲಿ ಗುರುತಿಸುತ್ತಿದ್ದನು. ಇಂಥ ನಕ್ಷೆಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಪ್ಲಾನ್ ವಿವೊ’, ಎಂದರೆ ಜೀವಂತ ಯೋಜನೆ, ಎಂದು ಹೆಸರಾಯಿತು. ಮುಂದೆ ಎಡಿನ್‌ಬರೋದಲ್ಲಿ ನೆಲೆಗೊಂಡ ಧರ್ಮಸಂಸ್ಥೆಯೊಂದು ಅದೇ ಹೆಸರನ್ನು ತಾಳಿ, ಇಂಥ ಊರವರ ಯೋಜನೆಗಳೆಲ್ಲ ಪಾಲಿಸತಕ್ಕ ಒಂದು ನಿಯಮಾವಳಿಯನ್ನು ರೂಪಿಸಿತು. ಈ ನಿಯಮಾವಳಿಗೆ ತಕ್ಕಂತೆ ಯೋಜನೆ ಇದೆಯೋ ಇಲ್ಲವೋ ಎಂಬುದನ್ನು ಪರಿಶೀಲಿಸಿ ಸಲಹೆ ಕೊಡುವುದಕ್ಕಾಗಿ ತಜ್ಞರ ಒಂದು ಸಲಹಾ ಸಮಿತಿ ಏರ್ಪಟ್ಟಿತು. ವನಶಾಸ್ತ್ರ, ಮಣ್ಣಿನ ವಿಜ್ಞಾನ, ಗಣಿತ, ಗ್ರಾಮಜೀವನ ಮೊದಲಾದ ವಿಷಯಗಳನ್ನು ಬಲ್ಲವರು ಇಂಥ ಸಮಿತಿಗಳಿಗೆ ಬೇಕಾಗುತ್ತಾರೆ. ಇವರು ಕಾಡಿನ ಒಡೆಯರಲ್ಲ, ಸರಕಾರದ ಅಧಿಕಾರಿಗಳೂ ಅಲ್ಲ. ಬಂಗಾರವನ್ನು ಒರೆಗಲ್ಲಿಗೆ ಹಚ್ಚಿ ಅದರ ಗುಣವನ್ನು ಹೇಳುವ ಅಕ್ಕಸಾಲಿಗನ ಸ್ಥಾನ ಅವರದು. ಬಂಗಾರ ಅವನದಲ್ಲ, ಆದರೆ ಅವನ ಮಾತಿಗೆ ಬೆಲೆ ಉಂಟು.

ಹಾಗಾದರೆ ಈ ತಜ್ಞರು ಪರೀಕ್ಷಿಸುವುದೇನನ್ನು? ಮುಖ್ಯವಾಗಿ ಐದು ಪ್ರಶ್ನೆಗಳನ್ನು ಅವರು ಕೇಳುತ್ತಾರೆ.

ಮೊದಲನೆಯದು: ಈ ಯೋಜನೆ ಇಲ್ಲದಿದ್ದರೆ ಕಾಡಿನ ಗತಿ ಏನಾಗುತ್ತಿತ್ತು? ಹೇಗೂ ಉಳಿಯುತ್ತಿದ್ದ ಕಾಡನ್ನು ‘ನಾವು ಉಳಿಸಿದೆವು’ ಎಂದು ಹೇಳಿ ಹಣ ಪಡೆದರೆ ಅದು ಮೋಸವೇ ಸರಿ. ಎರಡನೆಯದು: ಇಲ್ಲಿ ಕಡಿಯುವುದನ್ನು ನಿಲ್ಲಿಸಿ, ಪಕ್ಕದ ಗುಡ್ಡದಲ್ಲಿ ಕಡಿಯಲು ತೊಡಗಿದರೆ ಲಾಭವೇನು? ತೂತುಬಿದ್ದ ಕೊಡದಲ್ಲಿ ನೀರು ತುಂಬಿದಂತಾಗುವ ಇದಕ್ಕೆ ‘ಸೋರಿಕೆ’ ಎಂದೇ ಹೆಸರು. ಮೂರನೆಯದು: ಇಂದು ನಿಂತ ಮರ ನಾಳೆ ಕಾಡುಗಿಚ್ಚಿಗೋ ಬಿರುಗಾಳಿಗೋ ಆಹುತಿಯಾದರೆ ಹೇಗೆ? ಇದಕ್ಕಾಗಿ ಲೆಕ್ಕಕ್ಕೆ ಬಂದ ಇಂಗಾಲದಲ್ಲಿ ಒಂದು ಪಾಲನ್ನು ಮಾರದೆ ಆಪತ್ತಿಗೆಂದು ಮೀಸಲಿಡತಕ್ಕದ್ದೆಂಬ ನಿಯಮವುಂಟು. ರೈತನು ಬೀಜದ ಭತ್ತವನ್ನು ಮುಟ್ಟದೆ ತೆಗೆದಿಡುವುದನ್ನು ಇದು ನೆನಪಿಗೆ ತರುತ್ತದೆ. ನಾಲ್ಕನೆಯದು: ಅಳತೆ ಸರಿಯಾಗಿದೆಯೇ? ಒಂದೇ ಟನ್ನನ್ನು ಇಬ್ಬರಿಗೆ ಮಾರಿಲ್ಲವಷ್ಟೆ? ಐದನೆಯದು ಎಲ್ಲಕ್ಕಿಂತ ಮಿಗಿಲಾದುದು: ಊರಿನವರು ಈ ಯೋಜನೆಯನ್ನು ತಿಳಿದು, ಯಾರ ಒತ್ತಾಯಕ್ಕೂ ಒಳಗಾಗದೆ ಒಪ್ಪಿದ್ದಾರೆಯೇ, ಮತ್ತು ಬಂದ ಹಣ ಅವರ ಕೈ ಸೇರುತ್ತದೆಯೇ? ಪ್ರಮಾಣಪತ್ರಗಳ ಮಾರಾಟದಿಂದ ಬಂದ ವರಮಾನದಲ್ಲಿ ನೂರಕ್ಕೆ ಅರವತ್ತು ಭಾಗವಾದರೂ ಊರವರಿಗೆ ಸಲ್ಲಬೇಕೆಂಬುದು ಪ್ಲಾನ್ ವಿವೊದ ನಿಯಮ.

ಅಳತೆಯ ಮಾತು ಬಂದುದರಿಂದ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಮರವನ್ನು ಕಡಿಯದೆ ತೂಗುವುದು ಹೇಗೆ? ವಿಜ್ಞಾನಿಗಳು ಆಯಾ ಜಾತಿಯ ಕೆಲವು ಮರಗಳನ್ನು ಮಾತ್ರ ಕಡಿದು, ಒಣಗಿಸಿ, ತೂಗಿ, ಕಾಂಡದ ದಪ್ಪಕ್ಕೂ ಮರದ ತೂಕಕ್ಕೂ ಇರುವ ಸಂಬಂಧವನ್ನು ಒಂದು ಸೂತ್ರದಲ್ಲಿ ಹಿಡಿದಿಟ್ಟಿರುತ್ತಾರೆ. ಆ ಬಳಿಕ ಊರಿನ ಯುವಕನೊಬ್ಬ ನೆಲದಿಂದ ೧.೩ ಮೀಟರು ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಎದೆಯ ಮಟ್ಟದಲ್ಲಿ, ಕಾಂಡಕ್ಕೆ ಟೇಪು ಸುತ್ತಿ ಅಳೆದರೆ ಸಾಕು. ಹೀಗೆ ಅಳೆದ ಒಂದು ಮರದ ಒಣತೂಕ ೨೦೦ ಕಿಲೋಗ್ರಾಂ ಎಂದು ಸೂತ್ರದಿಂದ ತಿಳಿಯಿತೆನ್ನಿ. ಅದರಲ್ಲಿ ನೂರಕ್ಕೆ ೪೭ ಭಾಗ ಇಂಗಾಲವೆಂದು ಹಿಡಿದರೆ ೯೪ ಕಿಲೋ ಇಂಗಾಲವಾಯಿತು. ಇಂಗಾಲದ ಪರಮಾಣು ತೂಕ ೧೨. ಎರಡು ಆಮ್ಲಜನಕ ಪರಮಾಣುಗಳು ಕೂಡಿದ ಇಂಗಾಲಾಮ್ಲದ ಅಣುತೂಕ ೪೪. ಆದುದರಿಂದ ೯೪ನ್ನು ೪೪ರಿಂದ ಗುಣಿಸಿ ೧೨ರಿಂದ ಭಾಗಿಸಿದರೆ ಸುಮಾರು ೩೪೫ ಕಿಲೋ ಬರುತ್ತದೆ. ಅಂದರೆ ಇಂಥ ಮೂರು ಮರಗಳು ಕೂಡಿ ಒಂದು ಟನ್ನಿಗಿಂತ ತುಸು ಹೆಚ್ಚು ಇಂಗಾಲಾಮ್ಲವನ್ನು ಗಾಳಿಯಿಂದ ಸೆಳೆದುಕೊಂಡಿರುತ್ತವೆ.

ಲೆಕ್ಕವೇನೋ ಸುಲಭ. ಆದರೆ ಮರದ ತೂಕವು ಸಾಮಾನ್ಯವಾಗಿ ವ್ಯಾಸದ ಸುಮಾರು ಎರಡೂವರೆ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಟೇಪು ಹಿಡಿದವನು ದಪ್ಪವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಾಗಿ ಬರೆದರೆ ತೂಕವು ನೂರಕ್ಕೆ ಇಪ್ಪತ್ತೈದಕ್ಕೂ ಮಿಕ್ಕಿ ಉಬ್ಬುತ್ತದೆ. ಒಂದು ಊರಿನ ಸಾವಿರಾರು ಮರಗಳಲ್ಲಿ ಈ ತಪ್ಪು ಸೇರಿಕೊಂಡರೆ, ಗಾಳಿಯಿಂದ ಹೋಗದೇ ಇರುವ ವಾಯುವನ್ನು ಹೋಯಿತೆಂದು ಮಾರಿದಂತಾಗುತ್ತದೆ. ಕೊಂಡವನು ತಾನು ಪರಿಹಾರ ಮಾಡಿಕೊಂಡೆನೆಂದು ನಂಬಿ ನಿಶ್ಚಿಂತೆಯಿಂದ ಮತ್ತಷ್ಟು ಹೊಗೆ ಬಿಡುತ್ತಾನೆ. ಆಗ ಭೂಮಿಗೆ ಆಗುವುದು ಉಪಕಾರವಲ್ಲ, ಇಮ್ಮಡಿ ಅಪಕಾರ. ತಜ್ಞರ ಒರೆಗಲ್ಲು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಾಗಿಲ್ಲ.

ಈಗ ಒಂದು ಊರಿನ ವೃತ್ತಾಂತವನ್ನು ನೋಡೋಣ. ಆಫ್ರಿಕದ ಕೆನ್ಯಾ ದೇಶದಲ್ಲಿ ಮೊಂಬಾಸಾ ಬಂದರಿನ ದಕ್ಷಿಣಕ್ಕೆ ಗಾಜಿ ಎಂಬ ಕೊಲ್ಲಿ ಇದೆ. ಅದರ ದಡದಲ್ಲಿ ಗಾಜಿ, ಮಾಕೊಂಗೆನಿ ಎಂಬ ಊರುಗಳು. ಮೀನುಗಾರಿಕೆಯೇ ಅಲ್ಲಿನವರ ಮುಖ್ಯ ವೃತ್ತಿ. ಕೊಲ್ಲಿಯ ಉಪ್ಪುನೀರಿನಲ್ಲಿ ಕಾಂಡ್ಲಾ ವನಗಳು ಬೆಳೆದಿವೆ. ಮುಂಬಯಿಯ ವಿದ್ಯಾರ್ಥಿಗಳು ಠಾಣೆಯ ಖಾಡಿಯ ಅಂಚಿನಲ್ಲಿಯೂ, ರಜೆಯಲ್ಲಿ ಊರಿಗೆ ಹೋದಾಗ ಅಘನಾಶಿನಿಯ ಅಳಿವೆಯಲ್ಲಿಯೂ ಕಾಣುವ, ಕೆಸರಿನಲ್ಲಿ ಬೇರುಗಳನ್ನು ಊರಿ ನಿಂತ ಮರಗಳ ಜಾತಿಯೇ ಅದು. ೧೯೭೦ರ ದಶಕದಲ್ಲಿ ಕಾರ್ಖಾನೆಗಳ ಸೌದೆಗಾಗಿ ಗಾಜಿಯ ಕಾಂಡ್ಲಾ ಮರಗಳನ್ನು ಬೇಕಾಬಿಟ್ಟಿ ಕಡಿಯಲಾಯಿತು. ಕಾಂಡ್ಲಾದ ಬೇರುಗಳ ಆಶ್ರಯದಲ್ಲಿ ಮೀನಿನ ಮರಿಗಳು ಬೆಳೆಯುತ್ತವೆ. ದಡವನ್ನು ಅಲೆಯ ಹೊಡೆತದಿಂದ ಕಾಯುವುದೂ ಆ ಮರಗಳೇ. ಆದುದರಿಂದ ಅವು ಹೋದರೆ ಮೀನುಗಾರನ ಬಲೆಗೂ ಮನೆಗೂ ಒಟ್ಟಿಗೇ ಕುತ್ತು. ಕೆನ್ಯಾದ ಸಮುದ್ರ ಮತ್ತು ಮೀನುಗಾರಿಕಾ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ೧೯೯೦ರ ದಶಕದಿಂದ ಊರಿನವರೊಡನೆ ಸೇರಿ ಸಸಿಗಳನ್ನು ನೆಡತೊಡಗಿದರು.

ಆ ಶ್ರಮದ ಫಲವಾಗಿ ೨೦೧೩ರಲ್ಲಿ ‘ಮಿಕೊಕೊ ಪಮೋಜಾ’ ಎಂಬ ಯೋಜನೆ ಪ್ಲಾನ್ ವಿವೊದ ಮನ್ನಣೆಯನ್ನು ಪಡೆಯಿತು. ಸ್ವಾಹಿಲಿ ಭಾಷೆಯ ಈ ಹೆಸರಿಗೆ ‘ಕಾಂಡ್ಲಾ, ಒಟ್ಟಾಗಿ’ ಎಂದರ್ಥ. ಅದರ ವಿಸ್ತಾರ ೧೧೭ ಹೆಕ್ಟೇರು. ಅವಧಿ ಇಪ್ಪತ್ತು ವರ್ಷ. ವರ್ಷವೊಂದಕ್ಕೆ ಲೆಕ್ಕಕ್ಕೆ ಬರುವ ಇಂಗಾಲಾಮ್ಲ ಸುಮಾರು ೩,೦೦೦ ಟನ್. ತಜ್ಞರ ಎರಡನೆಯ ಪ್ರಶ್ನೆಯನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಕಾಂಡ್ಲಾವನ್ನು ಕಡಿಯಬಾರದೆಂದರೆ ಊರಿನವರು ಅಡಿಗೆಗೂ ಮನೆಯ ಗಳುಗಳಿಗೂ ಎಲ್ಲಿಗೆ ಹೋಗಬೇಕು? ಬೇರೆ ಕೊಲ್ಲಿಯ ಮರಗಳಿಗೆ ಕೊಡಲಿ ಬೀಳದಿರಲೆಂದು, ಒಣನೆಲದಲ್ಲಿ ಬೇಗ ಬೆಳೆಯುವ ಸರುವೆ ಮರಗಳನ್ನು ನೆಡುವ ಏರ್ಪಾಡಾಯಿತು. ಕೇವಲ ನಿಷೇಧದಿಂದ ಕಾಡು ಉಳಿಯಲಾರದು. ಒಲೆಗೆ ಬದಲಿ ಸೌದೆ ದೊರಕಿಸಿದರೆ ಮಾತ್ರ ಉಳಿದೀತು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಬಂದ ಹಣವನ್ನು ಹೇಗೆ ವಿನಿಯೋಗಿಸಬೇಕೆಂಬುದನ್ನು ಊರಿನವರೇ ಸಭೆ ಸೇರಿ ನಿಶ್ಚಯಿಸುತ್ತಾರೆ. ಕುಡಿಯುವ ನೀರಿನ ಸೌಕರ್ಯ, ಶಾಲೆಯ ಮಕ್ಕಳಿಗೆ ಪುಸ್ತಕ, ಶಾಲೆಯ ಕಟ್ಟಡದ ದುರಸ್ತಿ, ಇವುಗಳಿಗೆ ಅದು ಸಂದಿದೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ೨೦೧೭ರಲ್ಲಿ ಈ ಯೋಜನೆಗೆ ‘ಈಕ್ವೇಟರ್’ ಪುರಸ್ಕಾರವನ್ನಿತ್ತು ಗೌರವಿಸಿತು.

ನಮ್ಮ ದೇಶದಲ್ಲಿಯೂ ಇದಕ್ಕೆ ಉದಾಹರಣೆ ಉಂಟು. ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಕಾಡಿನ ಬಹುಭಾಗ ಸರಕಾರದ್ದಲ್ಲ, ಅಲ್ಲಿನ ಜನಸಮುದಾಯಗಳದ್ದು. ‘ಹಿಮಾ’ ಎಂದು ಕರೆಯುವ ಸಾಂಪ್ರದಾಯಿಕ ಆಡಳಿತ ಘಟಕಗಳು ಅದನ್ನು ನೋಡಿಕೊಳ್ಳುತ್ತವೆ. ಮಾಫ್ಲಾಂಗ್ ಎಂಬಲ್ಲಿ ಹೆಸರಾಂತ ದೇವರಕಾಡೊಂದಿದೆ. ಅಲ್ಲಿಂದ ಒಂದು ಎಲೆಯನ್ನೂ ಹೊರಗೆ ಒಯ್ಯಬಾರದೆಂಬ ಕಟ್ಟಳೆಯನ್ನು ಜನರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ನಮ್ಮ ಕೊಡಗಿನ ದೇವರಕಾಡುಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ದೇವರಕಾಡಿನ ಸುತ್ತಣ ಬೆಟ್ಟಗಳು ಕಾಡುಗಿಚ್ಚು, ಇದ್ದಲಿನ ತಯಾರಿಕೆ, ಕಲ್ಲುಗಣಿಗಳಿಂದಾಗಿ ಬೋಳಾಗುತ್ತಿದ್ದವು. ೨೦೧೦ರ ದಶಕದ ಆರಂಭದಲ್ಲಿ ಹತ್ತು ಹಿಮಾಗಳು ಒಂದಾಗಿ ಒಕ್ಕೂಟವನ್ನು ರಚಿಸಿಕೊಂಡು, ಅರವತ್ತಕ್ಕೂ ಮಿಕ್ಕ ಹಳ್ಳಿಗಳ ಸುಮಾರು ೨೭,೦೦೦ ಹೆಕ್ಟೇರು ಪ್ರದೇಶವನ್ನು ಕಾಯುವ ಯೋಜನೆಯನ್ನು ಪ್ಲಾನ್ ವಿವೊ ನಿಯಮಗಳಂತೆ ಕೈಗೊಂಡವು. ಬೇಸಗೆಗೆ ಮುಂಚೆ ಬೆಂಕಿ ಹಬ್ಬದಂತೆ ಹುಲ್ಲು ಸವರಿ ಬೆಂಕಿರೇಖೆಗಳನ್ನು ತೆರೆಯುವುದು, ಕಡಿಮೆ ಸೌದೆ ಬೇಡುವ ಒಲೆಗಳನ್ನು ಹಂಚುವುದು, ಕಡಿದ ಬುಡಗಳಿಂದ ಚಿಗುರಿದ ಗಿಡಗಳನ್ನು ಸವರಿ ಬೆಳೆಯಗೊಡುವುದು, ಇವೇ ಅಲ್ಲಿನ ಮುಖ್ಯ ಕಾರ್ಯಗಳು. ಶಿಲ್ಲಾಂಗ್ ನಗರಕ್ಕೆ ಕುಡಿಯುವ ನೀರು ಬರುವುದು ಮಾಫ್ಲಾಂಗಿನ ಅಣೆಕಟ್ಟಿನಿಂದ. ಹಳ್ಳಿಯವನು ಬೆಟ್ಟದಲ್ಲಿ ಬೆಂಕಿಯನ್ನಾರಿಸಿದರೆ ನಗರದವನ ನಲ್ಲಿಯಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಪಟ್ಟಣವಾಸಿಗಳಾದ ನಾವು ಗಮನಿಸಬೇಕು.

ಈ ಎರಡು ಉದಾಹರಣೆಗಳಿಂದ ಒಂದು ತತ್ತ್ವ ಹೊರಡುತ್ತದೆ. ಬೆಂಕಿ ಯಾವ ಕಣಿವೆಯಿಂದ ಏರಿಬರುತ್ತದೆ, ಯಾವ ಮರ ಯಾವ ಕೆಸರಿನಲ್ಲಿ ಬದುಕುತ್ತದೆ ಎಂಬುದು ಊರಿನವನಿಗೆ ಗೊತ್ತು; ಅದು ತಜ್ಞನಿಗೆ ಪುಸ್ತಕದಿಂದ ಬರತಕ್ಕದ್ದಲ್ಲ. ಟನ್ನುಗಳ ಲೆಕ್ಕ, ಮಾದರಿ ತಾಕುಗಳ ಆಯ್ಕೆ, ಅಂದಾಜಿನಲ್ಲಿ ಉಳಿಯುವ ದೋಷದ ಪ್ರಮಾಣ ಇವು ತಜ್ಞನಿಗೆ ಗೊತ್ತು. ಊರಿನವನನ್ನು ಬಿಟ್ಟು ತಜ್ಞನೊಬ್ಬನೇ ಯೋಜನೆಯನ್ನು ಮಾಡಿದರೆ ಅದು ಕಾಗದದ ಮೇಲಿನ ಕಾಡಾಗುತ್ತದೆ. ತಜ್ಞನನ್ನು ದೂರವಿಟ್ಟು ಊರಿನವರೇ ತಮ್ಮ ಕೆಲಸಕ್ಕೆ ತಾವೇ ಮುದ್ರೆಯೊತ್ತಿಕೊಂಡರೆ ಹೊರಗಿನವರು ನಂಬುವುದಿಲ್ಲ. ಇನ್ನೂ ಒಂದು ಮಾತುಂಟು. ಪರೀಕ್ಷಿಸುವವನು ಪರೀಕ್ಷೆಗೆ ಒಳಗಾಗುವವನಿಂದ ಲಾಭವನ್ನು ಪಡೆಯುವವನಾಗಿರಬಾರದು. ಇಲ್ಲವಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಈ ಕಾರಣದಿಂದಲೇ ಸಲಹೆ ಕೊಡುವ ಸಮಿತಿಯ ಜತೆಗೆ, ಸ್ಥಳಕ್ಕೆ ಹೋಗಿ ಸ್ವತಂತ್ರವಾಗಿ ತಪಾಸಣೆ ಮಾಡುವವರೂ ಬೇರೆಯಾಗಿ ಇರುತ್ತಾರೆ. ಪ್ರತಿವರ್ಷದ ವರದಿಯನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕಾಗುತ್ತದೆ.

ಇಷ್ಟೆಲ್ಲ ಎಚ್ಚರವಿದ್ದರೂ ಈ ಮಾರ್ಗ ನಿರ್ದೋಷವೆಂದು ತಿಳಿಯಬಾರದು. ‘ಸೈನ್ಸ್’ ಎಂಬ ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ೨೦೨೩ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಆರು ದೇಶಗಳ ೨೬ ವನಯೋಜನೆಗಳನ್ನು ಪರಿಶೀಲಿಸಿ, ಅವುಗಳಲ್ಲಿ ಬಹುತೇಕ ಯೋಜನೆಗಳು ತಾವು ಹೇಳಿಕೊಂಡಷ್ಟು ಕಾಡಿನ ನಾಶವನ್ನು ತಡೆದಿಲ್ಲವೆಂದು ತೋರಿಸಿತು. ‘ನಾವಿಲ್ಲದಿದ್ದರೆ ಇಷ್ಟು ಕಾಡು ಹಾಳಾಗುತ್ತಿತ್ತು’ ಎಂಬ ಮೊದಲಿನ ಅಂದಾಜನ್ನೇ ಹಿಗ್ಗಿಸಿದುದು ಇದಕ್ಕೆ ಒಂದು ಮುಖ್ಯ ಕಾರಣ. ಹಣ ಕೊಟ್ಟವರು ತಮ್ಮ ಹೊಗೆಯನ್ನು ತಗ್ಗಿಸುವ ಹೊಣೆಯನ್ನೇ ಮರೆಯುವ ಭಯವೂ ಉಂಟು. ಮಾರುಕಟ್ಟೆಯಲ್ಲಿ ಬೆಲೆ ಕುಸಿದರೆ ಹಳ್ಳಿಯವರ ಇಪ್ಪತ್ತು ವರ್ಷಗಳ ಮಾತಿಗೆ ಆಧಾರವೇನು ಎಂಬ ಪ್ರಶ್ನೆಯೂ ಸುಲಭವಾದುದಲ್ಲ. ಇವು ತಜ್ಞರ ಸಮಿತಿ ಬೇಡವೆಂಬುದಕ್ಕೆ ವಾದಗಳಲ್ಲ; ಅದು ಇನ್ನಷ್ಟು ಕಟ್ಟುನಿಟ್ಟಾಗಿ, ದಾಕ್ಷಿಣ್ಯಕ್ಕೆ ಬಸಿರಾಗದೆ ನಡೆಯಬೇಕೆಂಬುದಕ್ಕೆ ವಾದಗಳು.

ಕೊನೆಯದಾಗಿ, ನಗರದ ಶಾಲೆಯಲ್ಲಿ ಓದುವ ನಮಗೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ೨೦೦೨ರ ಜೀವವೈವಿಧ್ಯ ಅಧಿನಿಯಮದಂತೆ ನಮ್ಮ ದೇಶದ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ, ಅದು ಗ್ರಾಮ ಪಂಚಾಯತಿಯಾಗಲಿ ಮಹಾನಗರಪಾಲಿಕೆಯಾಗಲಿ, ಜೀವವೈವಿಧ್ಯ ನಿರ್ವಹಣಾ ಸಮಿತಿಯೊಂದನ್ನು ರಚಿಸಬೇಕಾಗಿದೆ. ಜನರನ್ನು ಕೇಳಿ ತಿಳಿದು ಆ ಪ್ರದೇಶದ ಗಿಡಮರ, ಪ್ರಾಣಿಪಕ್ಷಿ, ಔಷಧಿಸಸ್ಯಗಳನ್ನೂ ಅವುಗಳನ್ನು ಕುರಿತ ಜನರ ತಿಳಿವಳಿಕೆಯನ್ನೂ ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಆ ಸಮಿತಿಯ ಮುಖ್ಯ ಕರ್ತವ್ಯ. ಬರೆದುದು ಶಾಸ್ತ್ರೀಯವಾಗಿ ಸರಿಯೇ ಎಂದು ನೋಡಿ ನೆರವಾಗಲು ಇಲ್ಲಿಯೂ ತಜ್ಞರ ತಾಂತ್ರಿಕ ತಂಡಗಳುಂಟು. ಗಾಜಿಯಲ್ಲಿ ನಡೆಯುವುದೂ ಇದೇ ಬಗೆಯ ಸಹಕಾರ: ಊರಿನವರ ಅನುಭವ ಒಂದು ಕಡೆ, ಬಲ್ಲವರ ಪರೀಕ್ಷೆ ಮತ್ತೊಂದು ಕಡೆ.

ವಿದ್ಯಾರ್ಥಿಮಿತ್ರರೇ, ನಮ್ಮ ಶಾಲೆಯ ಅಂಗಳದಲ್ಲಿ ನಿಂತ ಮರಗಳ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಒಂದು ದಾರ, ಒಂದು ಅಡಿಪಟ್ಟಿ, ಒಂದು ನೋಟುಪುಸ್ತಕ ಇದ್ದರೆ ಅವುಗಳ ಸುತ್ತಳತೆಯನ್ನು ವರ್ಷಕ್ಕೊಮ್ಮೆ, ಅದೇ ಎತ್ತರದಲ್ಲಿ, ಅದೇ ತಿಂಗಳಿನಲ್ಲಿ ಅಳೆದು ಬರೆದಿಡಬಹುದು. ಈ ವರ್ಷದ ಐದನೆಯ ತರಗತಿಯವರು ಆರಂಭಿಸಿದರೆ ಅವರು ಹತ್ತನೆಯ ತರಗತಿಯನ್ನು ಮುಗಿಸುವ ಹೊತ್ತಿಗೆ ಆರು ವರ್ಷಗಳ ಅಳತೆ ಕೈಗೆ ಬರುತ್ತದೆ. ವಿಜ್ಞಾನದ ಅಧ್ಯಾಪಕರು ತಾಳೆ ನೋಡಿ ಸಹಿ ಹಾಕಲಿ. ತಪ್ಪಿದ್ದರೆ ಹೊಡೆದುಹಾಕಿ ಮತ್ತೆ ಅಳೆಯಲು ಹೇಳಲಿ. ನಾವು ಬರೆದುದನ್ನು ಬಲ್ಲವರ ಮುಂದಿಟ್ಟು ‘ಸರಿಯೇ ನೋಡಿ’ ಎಂದು ಕೇಳುವ ವಿನಯವನ್ನೂ, ಇದ್ದುದನ್ನು ಇದ್ದಂತೆಯೇ ಬರೆಯುವ ಪ್ರಾಮಾಣಿಕತೆಯನ್ನೂ ಈ ವಯಸ್ಸಿನಲ್ಲಿಯೇ ರೂಢಿಸಿಕೊಂಡರೆ, ಮುಂದೆ ನಮ್ಮಲ್ಲೊಬ್ಬರು ಊರಿನ ವನವನ್ನು ಕಾಯುವವರಾಗಲಿ, ಅದನ್ನು ಒರೆಗೆ ಹಚ್ಚುವವರಾಗಲಿ, ಆ ಕೆಲಸಕ್ಕೆ ಯೋಗ್ಯರಾಗಿರುತ್ತಾರೆ.